ಪಕ್ಷೇತರ ಗೆದ್ದರೆ ಯಾರ ಕಡೆ?



ಮತ ಎಣಿಕೆ ದಿನ ನಮ್ಮ ಪರದೆಯ ಮೇಲೆ ನಾಲ್ಕು ಡಬ್ಬಿಗಳಿರುತ್ತವೆ. ಕಾಂಗ್ರೆಸ್, ಬಿಜೆಪಿ, ಜೆಡಿಎಸ್. ನಾಲ್ಕನೆಯದು ‘ಇತರೆ’. ಬೆಳಿಗ್ಗೆ ಎಂಟು ಗಂಟೆಯಿಂದ ನೀವು ನೋಡೋದು ಮೊದಲ ಮೂರನ್ನೇ. ಅಂಕಿ ಏರಿದರೆ ಒಂದು ಮನೆಯಲ್ಲಿ ಪಟಾಕಿ, ಇಳಿದರೆ ಇನ್ನೊಂದು ಮನೆಯಲ್ಲಿ ಮೌನ. ‘ಇತರೆ’ ಕಡೆ ಯಾರೂ ಕಣ್ಣು ಹಾಯಿಸಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಯಾರಿಗೂ 113 ಸಿಗಲ್ಲ ಅಂತ ಗೊತ್ತಾದರೆ ನೋಡಿ, ಆಗ ಮೊಬೈಲ್ ಬಿಡುವಿಲ್ಲದೆ ರಿಂಗಾಗೋದು ಆ ನಾಲ್ಕನೇ ಡಬ್ಬಿಯಲ್ಲಿರೋರದ್ದು.

ಇವತ್ತು ಆ ಡಬ್ಬಿಯ ಬಗ್ಗೆ ಮಾತಾಡೋಣ. ಚುನಾವಣೆ ಈಗ ಇಲ್ಲವಲ್ಲ ಅಂತೀರಾ? ಅದಕ್ಕೇ ಈಗ ಮಾತಾಡಬೇಕು. ಚುನಾವಣೆ ಬಂದ ಮೇಲೆ ಯಾರ ಕಿವಿಗೂ ಯಾರ ಮಾತೂ ಬೀಳಲ್ಲ.

ಮೊದಲು ಸ್ವಲ್ಪ ಲೆಕ್ಕ. 1957ರಲ್ಲಿ ನಮ್ಮ ವಿಧಾನಸಭೆಗೆ 208 ಸ್ಥಾನ ಇದ್ದವು. ಅದರಲ್ಲಿ ಗೆದ್ದ ಪಕ್ಷೇತರರು 35. 1967ರಲ್ಲಿ 216 ಸ್ಥಾನ, ಪಕ್ಷೇತರರು 41. ಅಂದರೆ ಐದು ಜನ ಶಾಸಕರಲ್ಲಿ ಹತ್ತಿರ ಹತ್ತಿರ ಒಬ್ಬರು ಯಾವ ಪಕ್ಷಕ್ಕೂ ಸೇರಿದವರಲ್ಲ. 1983ರಲ್ಲಿ 224ಕ್ಕೆ 22. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ಆ ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ ಸ್ವಂತ ಬಹುಮತ ಇರಲಿಲ್ಲ. ಆಮೇಲೆ ನೋಡ್ತಾ ಬನ್ನಿ. 2008ರಲ್ಲಿ 6. 2013ರಲ್ಲಿ 9. 2018ರಲ್ಲಿ 1. 2023ರಲ್ಲಿ 2. ನಲವತ್ತೊಂದು ಎಲ್ಲಿ, ಎರಡು ಎಲ್ಲಿ?

ಜನ ಬುದ್ಧಿವಂತರಾದರು, ಪಕ್ಷ ನೋಡಿ ವೋಟು ಹಾಕ್ತಾರೆ ಅಂತ ಕೆಲವರು ಹೇಳ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಪಕ್ಷೇತರನಾಗಿ ನಿಲ್ಲೋದು ಅಂದರೆ ಏನು ಅಂತ ಒಂದು ಸಲ ಹತ್ತಿರದಿಂದ ನೋಡಿದರೆ ಬೇರೆ ಕಥೆ ಕಾಣುತ್ತೆ.

ನಿಮಗೆ 25 ವರ್ಷ ತುಂಬಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ನಿಲ್ಲಬೇಕು ಅಂತ ತೀರ್ಮಾನ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು. ನಿಮಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೆಂಗಳೂರಿನಂಥ ಊರಲ್ಲಿ ರಸ್ತೆಯ ಈ ಬದಿ ಒಂದು ಕ್ಷೇತ್ರ, ಆ ಬದಿ ಇನ್ನೊಂದು. ಎದುರು ಮನೆಯವರು ಪ್ರೀತಿಯಿಂದ ಸಹಿ ಹಾಕಿಕೊಟ್ಟಿರ್ತಾರೆ. ಅವರ ವೋಟು ಪಕ್ಕದ ಕ್ಷೇತ್ರದಲ್ಲಿದ್ದರೆ ಹತ್ತು ಒಂಬತ್ತಾಯ್ತು. ಪರಿಶೀಲನೆ ದಿನ ನಾಮಪತ್ರ ತಿರಸ್ಕೃತ. ಹೋಯ್ತು.

ಠೇವಣಿ ಸಾಮಾನ್ಯ ವರ್ಗದವರಿಗೆ 10 ಸಾವಿರ, ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಸಾವಿರ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಆ ದುಡ್ಡು ಸರ್ಕಾರಕ್ಕೆ. ಒಂದು ಲಕ್ಷದ 80 ಸಾವಿರ ಮತ ಚಲಾವಣೆಯಾದರೆ, 30 ಸಾವಿರ ದಾಟಿದವನಿಗೆ ಮಾತ್ರ ಠೇವಣಿ ವಾಪಸ್.

ಈ ಹತ್ತು ಸೂಚಕರು, ಈ ಠೇವಣಿ ಎಲ್ಲ ಮೊದಲು ಹೀಗಿರಲಿಲ್ಲ. 1996ರವರೆಗೆ ವಿಧಾನಸಭೆಯ ಠೇವಣಿ 250 ರೂಪಾಯಿ. ಆ ವರ್ಷದ ಚುನಾವಣೆಯಲ್ಲಿ ತಮಿಳುನಾಡಿನ ಮೊಡಕುರಿಚಿ ಅನ್ನೋ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ 1,033 ಜನ ನಿಂತರು. ಮತಪತ್ರವನ್ನು ಪುಸ್ತಕದ ಹಾಗೆ ಮಾಡಬೇಕಾಯ್ತು. ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ. ಅದೇ ವರ್ಷ ಕಾನೂನು ತಿದ್ದಿದರು. ಠೇವಣಿಯನ್ನು ಒಂದೇ ಏಟಿಗೆ 5 ಸಾವಿರಕ್ಕೆ ಏರಿಸಿದರು, ಹತ್ತು ಸೂಚಕರು ಬೇಕು ಅಂದರು. ಮುಂದೆ ಠೇವಣಿ 10 ಸಾವಿರ ಆಯ್ತು. ಜಾತ್ರೆ ತಡೆಯೋಕೆ ಗೇಟು ಹಾಕಿದ್ದು ಸರಿಯೇ. ಆದರೆ ಗೇಟಿನ ಹೊರಗೆ ಉಳಿದೋರಲ್ಲಿ ಪ್ರಾಮಾಣಿಕರೂ ಇದ್ದಾರೆ ಅನ್ನೋದನ್ನ ಮರೀಬಾರದು.

ಮುಂದೆ ಬನ್ನಿ. ಚಿಹ್ನೆ. ಪಕ್ಷದವರ ಚಿಹ್ನೆ ನಮ್ಮ ಅಜ್ಜ-ಅಜ್ಜಿ ಕಾಲದಿಂದ ಗೋಡೆ ಮೇಲಿದೆ. ನಿಮ್ಮದು ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಬರಬೇಕು. ಮೂರು ಚಿಹ್ನೆ ಕೇಳಬಹುದು. ಅದನ್ನೇ ಇನ್ನೊಬ್ಬ ಪಕ್ಷೇತರನೂ ಕೇಳಿದರೆ ಚೀಟಿ ಎತ್ತೋದು. ಯಾವಾಗ ಸಿಗುತ್ತೆ ಗೊತ್ತಾ? ನಾಮಪತ್ರ ವಾಪಸ್ ಪಡೆಯೋ ಗಡುವು ಮುಗಿದ ಮೇಲೆ. 2023ರಲ್ಲಿ ಆ ಗಡುವು ಏಪ್ರಿಲ್ 24. ಬಹಿರಂಗ ಪ್ರಚಾರ ಮುಗಿದದ್ದು ಮೇ 8ರ ಸಂಜೆ. ಮತದಾನ ಮೇ 10. ಎಣಿಸಿ, ಹದಿನಾಲ್ಕು ದಿನ. ಒಂದು ಕ್ಷೇತ್ರದಲ್ಲಿ ಸರಾಸರಿ 2 ಲಕ್ಷದ 30 ಸಾವಿರ ಮತದಾರರು. ದಿನಕ್ಕೆ 16 ಸಾವಿರ ಜನರಿಗೆ ‘ನನ್ನ ಗುರುತು ಇದು’ ಅಂತ ಹೇಳಿದರೆ ಮಾತ್ರ ಎಲ್ಲರಿಗೂ ಒಂದು ಸಲ ಹೇಳಿದ ಹಾಗಾಯ್ತು. ಮತಯಂತ್ರದಲ್ಲೂ ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೊದಲು, ನೋಂದಾಯಿತ ಪಕ್ಷಗಳವರದ್ದು ಆಮೇಲೆ, ಪಕ್ಷೇತರರ ಹೆಸರು ಕೊನೆಗೆ.

ಅದರಲ್ಲೂ ಒಂದು ಕಿತಾಪತಿ ಇದೆ. ನಿಮ್ಮದೇ ಹೆಸರಿನ ಇನ್ನಿಬ್ಬರು ಮೂವರು ನಿಮ್ಮ ಜೊತೆ ನಿಂತುಬಿಡ್ತಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತಾಗ, ಸುಮಲತಾ ಅನ್ನೋ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಅವರ ಕಹಳೆ ಊದುವ ರೈತನ ಚಿಹ್ನೆಯನ್ನ ಜನ ಹುಡುಕಿ ಹುಡುಕಿ ಒತ್ತಿದರು, ಒಂದೂ ಕಾಲು ಲಕ್ಷದ ಅಂತರದಲ್ಲಿ ಗೆಲ್ಲಿಸಿದರು. ಆದರೆ ಎಲ್ಲರ ಹಿಂದೆಯೂ ಅಂಬರೀಶ್ ಹೆಸರಿನ ಬಲ ಇರೋದಿಲ್ಲ. ಈಗ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಇರೋದೂ ಇಂಥ ಗೊಂದಲ ತಪ್ಪಿಸೋಕೆ.

ಇನ್ನು ಖರ್ಚು. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ. ಎಲ್ಲರಿಗೂ ಒಂದೇ ಅಲ್ವಾ ಅನಿಸುತ್ತೆ. ಸ್ವಲ್ಪ ತಡೀರಿ. ಮಾನ್ಯತೆ ಪಡೆದ ಪಕ್ಷ 40 ಜನ ಸ್ಟಾರ್ ಪ್ರಚಾರಕರ ಪಟ್ಟಿ ಕೊಡಬಹುದು. ಅವರು ಹೆಲಿಕಾಪ್ಟರ್‌ನಲ್ಲಿ ಬಂದು ಹೋಗೋ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಲ್ಲ. ಪಕ್ಷ ತನ್ನ ಹೆಸರಲ್ಲಿ ಮಾಡೋ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷದ ಅಭ್ಯರ್ಥಿಗೆ ಮತದಾರರ ಪಟ್ಟಿ ಉಚಿತ, ನೀವು ದುಡ್ಡು ಕೊಟ್ಟು ತಗೋಬೇಕು. ಆಕಾಶವಾಣಿ, ದೂರದರ್ಶನದಲ್ಲಿ ಪಕ್ಷಗಳಿಗೆ ಉಚಿತ ಸಮಯ, ನಿಮಗೆ ಇಲ್ಲ.

ಮತದಾನದ ದಿನ ಒಂದು ಕ್ಷೇತ್ರಕ್ಕೆ ಸರಾಸರಿ 260 ಮತಗಟ್ಟೆ. ಪ್ರತಿಯೊಂದರಲ್ಲೂ ನಿಮ್ಮ ಒಬ್ಬ ಏಜೆಂಟ್ ಕೂರಬೇಕು. ಒಬ್ಬರಿಗೆ ಊಟ, ಕಾಫಿ, ಓಡಾಟಕ್ಕೆ ಬರೀ 500 ರೂಪಾಯಿ ಅಂದುಕೊಂಡರೂ ಆ ಒಂದು ದಿನಕ್ಕೆ 1 ಲಕ್ಷದ 30 ಸಾವಿರ. ದುಡ್ಡಿನ ಮಾತು ಬಿಡಿ. ಬೆಳಗಿನ ಜಾವ ಎದ್ದು ಬಂದು, ಸಂಜೆ ಯಂತ್ರಕ್ಕೆ ಸೀಲ್ ಹಾಕೋವರೆಗೂ ಕೂರೋ, ಪಕ್ಕದವನ ಚಹಾಕ್ಕೆ ಕರಗದ 260 ಜನ ನಿಮ್ಮ ಹತ್ರ ಇದ್ದಾರಾ? ಪಕ್ಷೇತರನ ನಿಜವಾದ ಪರೀಕ್ಷೆ ಇದು. ಭಾಷಣ ಅಲ್ಲ.

ಪ್ರತಿ ಚುನಾವಣೆಯಲ್ಲೂ ನಮ್ಮ ಕಚೇರಿಗೆ ಇಂಥೋರು ಬರ್ತಾರೆ. ನಿವೃತ್ತ ಮೇಷ್ಟ್ರು, ಕೆರೆ ಒತ್ತುವರಿ ವಿರುದ್ಧ ಅರ್ಜಿ ಹಾಕಿ ಹಾಕಿ ಸುಸ್ತಾದ ರೈತ, ಕೆಲಸ ಬಿಟ್ಟು ಊರಿಗೆ ಬಂದ ಇಂಜಿನಿಯರ್ ಹುಡುಗ. ಕೈಯಲ್ಲಿ ಕರಪತ್ರ. ‘ಸಾರ್, ಎರಡು ನಿಮಿಷ ನಮ್ಮನ್ನೂ ತೋರಿಸಿ’ ಅಂತಾರೆ. ನಾನು ಅವರನ್ನ ಕೂರಿಸಿ ಮೊದಲು ಕೇಳೋದು ಒಂದೇ ಪ್ರಶ್ನೆ: ದುಡ್ಡು ಎಲ್ಲಿಂದ? ಒಬ್ಬರು ‘ಪಿಂಚಣಿ ದುಡ್ಡು’ ಅಂತಾರೆ. ಒಬ್ಬರು ‘ಸೈಟು ಮಾರಿದೆ’ ಅಂತಾರೆ. ಇನ್ನೊಬ್ಬರು ಮಾತಾಡಲ್ಲ, ಜೊತೆಗೆ ಬಂದ ಹೆಂಡತಿ ತಲೆ ತಗ್ಗಿಸಿ ತನ್ನ ಬರೀ ಕುತ್ತಿಗೆ ಮುಟ್ಟಿಕೊಳ್ತಾರೆ. ಅಂಥೋರಿಗೆ ನಾನು ಹೇಳೋದು ಇಷ್ಟೇ: ಠೇವಣಿ ಹೋದರೆ ಹೋಗಲಿ, ಮನೆ ಹೋಗಬಾರದು. ನೀವು ಕಳಕೊಂಡರೂ ಸಂಸಾರ ಅಲುಗಾಡದಷ್ಟು ದುಡ್ಡು ಎಷ್ಟೋ ಅಷ್ಟಕ್ಕೆ ನಿಲ್ಲಿ. ಇನ್ನೊಂದು ಮಾತು. ಸೋತರೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಸೋತ ಬೇಜಾರಿನಲ್ಲಿ ಎಷ್ಟೋ ಜನ ಇದನ್ನ ಮರೆತು ಮುಂದಿನ ಬಾಗಿಲನ್ನೂ ತಾವೇ ಮುಚ್ಚಿಕೊಳ್ತಾರೆ.

ಹಾಗಾದರೆ ಗೆಲ್ಲೋ ಪಕ್ಷೇತರರು ಯಾರು? ಇಲ್ಲಿ ಎರಡು ಬಗೆ ಇದೆ, ಬೇರೆ ಬೇರೆ ಮಾಡಿ ನೋಡಬೇಕು.

ಒಂದು, ಯಾವ ಪಕ್ಷದ ಬಾಗಿಲಿಗೂ ಹೋಗದೆ ನಿಂತೋರು. ಶಿವರಾಮ ಕಾರಂತರಂಥ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಕೈಗಾ ಅಣುಸ್ಥಾವರ ಬೇಡ, ಕಾಡು ಉಳಿಸಿ ಅಂತ ಓಡಾಡುತ್ತಿದ್ದ ಕಾಲ. ಜ್ಞಾನಪೀಠ ಪಡೆದವರು. ಜನ ಕೈ ಮುಗಿದರು, ಗೆಲ್ಲಿಸಲಿಲ್ಲ. ನಮ್ಮ ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿ ನೆನಪಿದ್ದಾರಾ? 86 ಸಲ ಚುನಾವಣೆಗೆ ನಿಂತರು. ಒಂದು ಸಲವೂ ಗೆಲ್ಲಲಿಲ್ಲ. ಜನ ನಕ್ಕರು. ಆದರೆ ದೊಡ್ಡ ದೊಡ್ಡವರ ಎದುರು ನಿಂತು, ಹಸಿದ ಹೊಟ್ಟೆಯೇ ನನ್ನ ಪಕ್ಷ ಅನ್ನೋಕೂ ಒಂದು ಗುಂಡಿಗೆ ಬೇಕು.

ಎರಡನೇ ಬಗೆ, ಬಂಡಾಯ. ಟಿಕೆಟ್ ಕೇಳಿದರು, ಸಿಗಲಿಲ್ಲ, ಸಿಟ್ಟಿಗೆದ್ದು ನಿಂತರು. ಗೆಲ್ಲೋರಲ್ಲಿ, ಗೆಲುವಿನ ಹತ್ತಿರ ಬರೋರಲ್ಲಿ ಇವರೇ ಹೆಚ್ಚು. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಹೊಸಕೋಟೆಯಲ್ಲಿ ಶರತ್ ಬಚ್ಚೇಗೌಡ ಗೆದ್ದದ್ದು ಹೀಗೆ. 2023ರಲ್ಲಿ ಹರಪನಹಳ್ಳಿಯಲ್ಲಿ, ಎಂ.ಪಿ. ಪ್ರಕಾಶ್ ಅವರ ಮಗಳು ಲತಾ ಮಲ್ಲಿಕಾರ್ಜುನ ಗೆದ್ದದ್ದೂ ಹೀಗೆ. ಪುತ್ತೂರಿನಲ್ಲಿ ಅರುಣ್ ಕುಮಾರ್ ಪುತ್ತಿಲ ಗೆಲ್ಲಲಿಲ್ಲ, ಆದರೆ ಸುಮಾರು 4 ಸಾವಿರ ಮತದಿಂದ ಎರಡನೇ ಸ್ಥಾನಕ್ಕೆ ನಿಂತು, ಬಿಜೆಪಿಯನ್ನ ಮೂರನೇ ಸ್ಥಾನಕ್ಕೆ ತಳ್ಳಿದರು. ಇವರಿಗೆ 260 ಏಜೆಂಟರು ಸಿಗ್ತಾರೆ. ಯಾಕೆ? ಪಕ್ಷದ ಕಾರ್ಯಕರ್ತರೇ ಅರ್ಧ ಜನ ಇವರ ಹಿಂದೆ ಬಂದಿರ್ತಾರೆ.

ಬಂಡಾಯ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಎಷ್ಟೋ ಸಲ ಪಕ್ಷದ ಹೈಕಮಾಂಡ್ ಜನರ ಮನಸ್ಸು ಓದದೆ ಯಾರಿಗೋ ಬಿ ಫಾರಂ ಕೊಡುತ್ತೆ, ಜನ ಅದನ್ನ ತಿದ್ದುತ್ತಾರೆ. ಅದು ಪ್ರಜಾಪ್ರಭುತ್ವವೇ. ಆದರೆ ‘ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ’ ಅಂತ ಅವರು ಹೇಳಿದಾಗ, ‘ಯಾವಾಗಿನಿಂದ?’ ಅಂತ ಕೇಳೋ ಹಕ್ಕು ನಿಮಗಿದೆ.

ಈಗ ಬರೋಣ ಮುಖ್ಯ ವಿಷಯಕ್ಕೆ. ಗೆದ್ದ ಮೇಲೆ ಏನು?

1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಸಂವಿಧಾನದ ಹತ್ತನೇ ಅನುಸೂಚಿ. ಅದರಲ್ಲಿ ಪಕ್ಷೇತರರಿಗೆ ಒಂದು ಬಿಗಿಯಾದ ನಿಯಮ ಇದೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತೆ. ಪಕ್ಷದ ಶಾಸಕರಿಗೆ ಮೂರನೇ ಎರಡು ಭಾಗ ಒಟ್ಟಾದರೆ ವಿಲೀನ ಅನ್ನೋ ದಾರಿಯಾದರೂ ಇದೆ. ಪಕ್ಷೇತರನಿಗೆ ಅದೂ ಇಲ್ಲ. ಯಾಕೆ ಇಷ್ಟು ಬಿಗಿ? ಪಕ್ಷ ಬೇಡ ಅಂತಲೇ ಜನ ನಿನ್ನನ್ನ ಆರಿಸಿದ್ದಾರೆ, ಆ ಮಾತು ಉಳಿಸಿಕೋ ಅಂತ.

ಆದರೆ ಪಕ್ಷ ಸೇರದೆ ಸರ್ಕಾರ ಸೇರಿದರೆ? ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಕರ್ನಾಟಕದಿಂದಲೇ. 2008ರಲ್ಲಿ ಬಿಜೆಪಿಗೆ 110 ಬಂತು. ಬೇಕಾದದ್ದು 113. ಮೂರು ಕಮ್ಮಿ. ಗೆದ್ದ ಆರು ಪಕ್ಷೇತರರಲ್ಲಿ ಐವರು ಯಡಿಯೂರಪ್ಪನವರ ಸಂಪುಟದಲ್ಲಿ ಮಂತ್ರಿಗಳಾದರು. 2010ರಲ್ಲಿ ಅದೇ ಐವರು ಬೆಂಬಲ ವಾಪಸ್ ಪಡೆದರು. ವಿಶ್ವಾಸಮತಕ್ಕೆ ಮುಂಚೆ ಸ್ಪೀಕರ್ ಕೆ.ಜಿ. ಬೋಪಯ್ಯ ಬಿಜೆಪಿಯ 11 ಶಾಸಕರ ಜೊತೆಗೆ ಈ ಐವರನ್ನೂ ಅನರ್ಹಗೊಳಿಸಿದರು. ಮಂತ್ರಿಯಾಗಿದ್ದೀರಿ ಅಂದರೆ ನೀವು ಪಕ್ಷ ಸೇರಿದ ಹಾಗೇ ಅನ್ನೋ ವಾದ. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು. 2011ರ ಮೇ ತಿಂಗಳಲ್ಲಿ ಕೋರ್ಟ್ ಅನರ್ಹತೆಯನ್ನ ರದ್ದು ಮಾಡಿತು. ಪಕ್ಷೇತರ ಒಂದು ಸರ್ಕಾರಕ್ಕೆ ಬೆಂಬಲ ಕೊಟ್ಟ ಮಾತ್ರಕ್ಕೆ, ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದ ಹಾಗಾಗಲ್ಲ ಅನ್ನೋದು ಅದರ ತಾತ್ಪರ್ಯ.

ಕಾನೂನಿನ ಪ್ರಕಾರ ತೀರ್ಪು ಸರಿ. ಆದರೆ ಮತದಾರನ ಜಾಗದಲ್ಲಿ ನಿಂತು ನೋಡಿ. ಪಕ್ಷೇತರನಿಗೆ ವಿಪ್ ಇಲ್ಲ. ಸದನದಲ್ಲಿ ಯಾವ ಮಸೂದೆಗೆ ಹೇಗೆ ವೋಟು ಹಾಕಿದರೂ ಅವನ ಸದಸ್ಯತ್ವಕ್ಕೆ ಧಕ್ಕೆ ಇಲ್ಲ. ಪಕ್ಷದ ಶಾಸಕನಿಗೆ ಕೆಟ್ಟ ಮಸೂದೆ ಅಂತ ಗೊತ್ತಿದ್ದರೂ ವಿಪ್ ಬಂದರೆ ಕೈ ಎತ್ತಲೇಬೇಕು. ನಿಮ್ಮ ಪಕ್ಷೇತರ ಎತ್ತಬೇಕಾಗಿಲ್ಲ. 224 ಜನರಲ್ಲಿ ಆ ಸ್ವಾತಂತ್ರ್ಯ ಇರೋದು ಒಬ್ಬನೋ ಇಬ್ಬರಿಗೋ. ಅದನ್ನ ಅವರಿಗೆ ಕೊಟ್ಟವರು ಯಾರು? ನೀವು. ಅದನ್ನ ಅವರು ಊರಿನ ಪರವಾಗಿ ಬಳಸಬಹುದು. ಅಂತರ ಕಮ್ಮಿ ಇರೋ ಸದನದಲ್ಲಿ ಮಂತ್ರಿಗಿರಿಗೆ ವಿನಿಮಯವನ್ನೂ ಮಾಡಿಕೊಳ್ಳಬಹುದು. ಎರಡಕ್ಕೂ ಕಾನೂನು ಅಡ್ಡ ಬರಲ್ಲ.

2018ರಲ್ಲಿ ಮುಳಬಾಗಿಲಿನಿಂದ ಗೆದ್ದ ಎಚ್. ನಾಗೇಶ್ ಅವರನ್ನೇ ನೋಡಿ. 2019ರ ಜೂನ್‌ನಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದಲ್ಲಿ ಮಂತ್ರಿ. ಜುಲೈನಲ್ಲಿ ರಾಜೀನಾಮೆ. ಆಗಸ್ಟ್‌ನಲ್ಲಿ ಯಡಿಯೂರಪ್ಪನವರ ಸರ್ಕಾರದಲ್ಲಿ ಮಂತ್ರಿ. ಕ್ಷೇತ್ರದ ಅಭಿವೃದ್ಧಿಗಾಗಿ ಅಂತ ಯಾರು ಬೇಕಾದರೂ ಹೇಳಬಹುದು, ಅದು ನಿಜವೂ ಆಗಿರಬಹುದು. ನನ್ನ ಪ್ರಶ್ನೆ ಅವರಿಗಲ್ಲ. ಈ ಎರಡು ತೀರ್ಮಾನಗಳಲ್ಲಿ ಯಾವುದಕ್ಕೆ ಮುಂಚೆ ಮುಳಬಾಗಿಲಿನ ಮತದಾರನನ್ನ ಯಾರಾದರೂ ಕೇಳಿದರಾ? ಕೇಳಬೇಕು ಅನ್ನೋ ನಿಯಮ ಇಲ್ಲ. ಹಾಗಾದರೆ ನಿಯಮವನ್ನ ನಾವೇ ಮಾಡಿಕೊಳ್ಳಬೇಕು.

ಪಕ್ಷದ ಅಭ್ಯರ್ಥಿಗೆ ಪ್ರಣಾಳಿಕೆ ಇದೆ. ಗೆದ್ದರೆ ಯಾರು ಮುಖ್ಯಮಂತ್ರಿ, ಯಾರ ಸರ್ಕಾರ ಅಂತ ನಿಮಗೆ ಅಂದಾಜು ಇದೆ. ಪಕ್ಷೇತರ ಕೈ ಮುಗಿದು ಬಂದಾಗ ಅದ್ಯಾವುದೂ ಇಲ್ಲ. ಅವರ ಮುಖ ನೋಡಿ ವೋಟು ಹಾಕ್ತೀರಿ. ಅದಕ್ಕೇ ಮನೆ ಬಾಗಿಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ನೀವು ಯಾವ ಪಕ್ಷದ ಟಿಕೆಟ್ ಕೇಳಿದ್ದಿರಿ, ಯಾವಾಗ ಕೇಳಿದ್ದಿರಿ? ಕೇಳಿದ್ದರೆ ನಾಚಿಕೆ ಬೇಡ, ಹೇಳಿಬಿಡಿ.

ಎರಡನೆಯದು, ಈ ಖರ್ಚು ಯಾರದ್ದು? ಅವರ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ನಾಮಪತ್ರದ ಜೊತೆ ಇರುತ್ತೆ, ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಮನೆಯಲ್ಲಿ ಕಾಲೇಜು ಓದೋ ಮಗಳಿದ್ದರೆ ಐದು ನಿಮಿಷದಲ್ಲಿ ತೆಗೆದು ಓದಿ ಹೇಳ್ತಾಳೆ. ಅದರಲ್ಲಿರೋ ಆಸ್ತಿಗೂ ಬೀದಿಯಲ್ಲಿ ಓಡಾಡ್ತಿರೋ ಕಾರುಗಳಿಗೂ ತಾಳೆ ಆಗದಿದ್ದರೆ, ಆ ಕಾರುಗಳು ಯಾರದ್ದು ಅಂತ ಕೇಳಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ವಿಧಾನಸಭೆ ಅತಂತ್ರ ಆದರೆ ಯಾರ ಕಡೆ? ಏನು ಷರತ್ತಿನ ಮೇಲೆ? ಬೆಂಬಲ ಕೊಡೋ ಮುಂಚೆ, ವಾಪಸ್ ತಗೊಳ್ಳೋ ಮುಂಚೆ ಕ್ಷೇತ್ರಕ್ಕೆ ಬಂದು ನಮ್ಮನ್ನ ಕೇಳ್ತೀರಾ? ಇದನ್ನ ಕರಪತ್ರದಲ್ಲಿ ಅಚ್ಚು ಹಾಕಿಸ್ತೀರಾ? ಕೋರ್ಟಿನಲ್ಲಿ ಆ ಕರಪತ್ರಕ್ಕೆ ಬೆಲೆ ಇಲ್ಲ, ನನಗೂ ಗೊತ್ತು. ಆದರೆ ಊರಿನ ಅರಳಿಕಟ್ಟೆಯ ಮೇಲೆ ಬೆಲೆ ಇದೆ. ಅಚ್ಚಾದ ಮಾತನ್ನ ನುಂಗೋದು ಆಡಿದ ಮಾತು ನುಂಗಿದಷ್ಟು ಸಲೀಸಲ್ಲ.

ನಿಲ್ಲಬೇಕು ಅಂತಿರೋ ಗೆಳೆಯರಿಗೂ ಒಂದು ಮಾತು. ಪಕ್ಷ ಇಲ್ಲದೆ ರಾಜಕೀಯ ಆಗಲ್ಲ ಅನ್ನೋರ ಮಾತು ನಂಬಬೇಡಿ. ನಮ್ಮ ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಕಾನೂನಿನ ಪ್ರಕಾರ ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಒಳಗೊಳಗೆ ಯಾರು ಯಾರ ಕಡೆ ಅನ್ನೋದು ಇಡೀ ಊರಿಗೆ ಗೊತ್ತಿರುತ್ತೆ, ನಿಜ. ಆದರೂ ಮತಪತ್ರದ ಮೇಲೆ ಎಲ್ಲರೂ ಪಕ್ಷೇತರರೇ. ಕುಡಿಯೋ ನೀರು, ಬೀದಿ ದೀಪ, ಉದ್ಯೋಗ ಖಾತರಿ ಕೂಲಿಯ ಲೆಕ್ಕ ನೋಡಿ ಜನ ಅಲ್ಲಿ ಆರಿಸ್ತಾರೆ. ಶುರು ಮಾಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಐದು ವರ್ಷ ಅಲ್ಲಿ ಕೆಲಸ ಮಾಡಿ. ಒಂದೊಂದು ಹಳ್ಳಿಯಲ್ಲಿ ಐದೈದು ಜನ ನಿಮ್ಮನ್ನ ನಂಬಿದರೆ 260 ಏಜೆಂಟರನ್ನ ಬಾಡಿಗೆಗೆ ಹುಡುಕಬೇಕಾಗಿಲ್ಲ. ಚಿಹ್ನೆ ಹದಿನಾಲ್ಕು ದಿನ ಮುಂಚೆ ಸಿಕ್ಕರೂ ನಡೆಯುತ್ತೆ, ಯಾಕಂದರೆ ಮುಖ ಐದು ವರ್ಷದಿಂದ ಗೊತ್ತಿರುತ್ತೆ.

ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಟಿಕೆಟ್ ಸಿಗದ ಕೂಡಲೇ ಪಕ್ಷೇತರ ಆಗೋರು ಆ ಏಪ್ರಿಲ್‌ನಲ್ಲಿ ಹುಟ್ಟಿಕೊಳ್ತಾರೆ, ಅವರಿಗೆ ಈಗ ಏನೂ ಹೇಳಬೇಕಾಗಿಲ್ಲ. ನಿಜವಾಗಿ ಪಕ್ಷೇತರನಾಗಿ ನಿಲ್ಲಬೇಕು ಅನ್ನೋರು ಮೊದಲು ತಮ್ಮ ಕ್ಷೇತ್ರದ ಮತದಾರರ ಪಟ್ಟಿ ತಂದು, ತಮ್ಮ ಬೂತಿನ ಮನೆಗಳನ್ನ ಒಂದೊಂದಾಗಿ ಗುರುತು ಮಾಡಿಕೊಳ್ಳಲಿ. ಅದಕ್ಕೆ ಯಾವ ಹೈಕಮಾಂಡ್ ಅಪ್ಪಣೆಯೂ ಬೇಡ.